ಸೂರಿನ ನೀರು ಬೀಳುವ ಜಾಗ

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಪವಾಡ, ಶಕುನ ಇವು ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಯಾರಾದರೂ ಇಂಥ ಕಥೆ ಶುರು ಮಾಡಿದರೆ ಎದ್ದುಹೋಗಿ ಕಾಫಿಗೆ ಹೇಳಿ ಬರುತ್ತಿದ್ದವನು ನಾನು. ನಮ್ಮಪ್ಪ ನಾನು ಚಿಕ್ಕವನಿದ್ದಾಗಲೇ ಬೌದ್ಧ ಧರ್ಮಕ್ಕೆ ಬಂದವರು. ಹದಿನಾರು ಎಂಬ ಊರಿನ ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿ ಒಂದು ಬುದ್ಧನ ಪಟ ಬಿಟ್ಟರೆ ತಾಯಿತ, ಯಂತ್ರ, ಕುಂಬಳಕಾಯಿ ಯಾವುದೂ ಇರಲಿಲ್ಲ. ಮಕ್ಕಳಿಗೆ ಜ್ವರ ಬಂದು ಅಜ್ಜಿ ದೃಷ್ಟಿ ತೆಗೆಯಲು ಒಣಮೆಣಸಿನಕಾಯಿ ಹಿಡಿದರೆ, ಅಪ್ಪ ಅದನ್ನು ಕಿತ್ತುಕೊಂಡು, ‘ಸಾರಿಗಾದ್ರೂ ಆಕವ್ವ’ ಎನ್ನುತ್ತಿದ್ದರು.

ಓದಿ ಇಂಜಿನಿಯರ್ ಆದೆ. ಕೆಲಸವೆಲ್ಲ ಸರ್ಕಾರಿ ಕಟ್ಟಡಗಳದ್ದು. ಶಾಲೆ, ಆಸ್ಪತ್ರೆ, ಹಾಸ್ಟೆಲು ಹೊಸದಾಗಿ ಕಟ್ಟಿದ್ದಕ್ಕಿಂತ ಹಳೆಯವು ಎಲ್ಲಿ ಸೋರುತ್ತಿವೆ ಎಂದು ಹುಡುಕಿದ್ದೇ ಹೆಚ್ಚು. ಕಚೇರಿಯಲ್ಲಿ ನನ್ನ ಬೆನ್ನ ಹಿಂದೆ ‘ಸೋರೋ ಸಾಹೇಬ್ರು’ ಎನ್ನುತ್ತಿದ್ದರಂತೆ. ಅದಕ್ಕೆ ನನಗೇನೂ ಬೇಜಾರಿಲ್ಲ. ನೀರು ಸುಳ್ಳು ಹೇಳುವುದಿಲ್ಲ ಎನ್ನುವುದೊಂದೇ ನನ್ನ ಸಿದ್ಧಾಂತ. ಕೆಳಗೆ ತೊಟ್ಟಿಕ್ಕಿತು ಎಂದರೆ ಮೇಲೆ ಎಲ್ಲೋ ನೀರು ನಿಂತಿದೆ, ಅದು ಇಳಿದು ಬಂದ ದಾರಿಯೊಂದು ಇದ್ದೇ ಇದೆ. ಹುಡುಕುವ ತಾಳ್ಮೆ ಬೇಕು ಅಷ್ಟೆ. ಸರ್ವಿಸಿನ ಉದ್ದಕ್ಕೂ ಆ ದಾರಿ ನನಗೆ ಸಿಗದೇ ಹೋದದ್ದಿಲ್ಲ. ಸಿಗದೇ ಹೋದದ್ದು ನಿವೃತ್ತಿಯಾದ ಮೇಲೆ, ಒಂದೇ ಒಂದು ಸಲ.

ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಕಪಿಲೆ ನದಿಗೆ ಹೆಚ್ಚು ದೂರವಿಲ್ಲದ ಒಂದು ಹಳ್ಳಿ. ಅದರ ಹೆಸರು ಹೇಳುವುದಿಲ್ಲ. ಯಾಕೆಂದು ಓದುತ್ತ ಹೋದಂತೆ ನಿಮಗೇ ತಿಳಿಯುತ್ತದೆ. ಅಲ್ಲೊಂದು ಹಳೆಯ ಕ್ಯಾಥೋಲಿಕ್ ಚರ್ಚ್ ಇದೆ. ಕೆಲವು ವರ್ಷಗಳ ಹಿಂದೆ ಅಲ್ಲಿನ ಫಾದರ್ ಫೋನ್ ಮಾಡಿ, ‘ಸರ್, ನಮ್ಮ ಚರ್ಚಿನ ಒಂದು ಗೋಡೆ ನೆಂದು ನೆಂದು ಉದುರ್ತಾ ಇದೆ. ಒಂದು ಸಲ ಬಂದು ನೋಡ್ತೀರಾ?’ ಎಂದರು. ತಾಂಡವಪುರದ ಒಬ್ಬ ಕಂಟ್ರಾಕ್ಟರ್ ನನ್ನ ನಂಬರ್ ಕೊಟ್ಟಿದ್ದನಂತೆ. ಮನೆಯಲ್ಲಿ ಕೂತು ಪೇಪರ್ ಓದಿ ಸಾಕಾಗಿತ್ತು. ಸ್ಕೂಟರ್ ಹತ್ತಿ ಹೋದೆ.

ಚರ್ಚ್ ಎಂದರೆ ಮೈಸೂರಿನ ದೊಡ್ಡ ಚರ್ಚನ್ನು ನೆನೆಸಿಕೊಳ್ಳಬೇಡಿ. ಇದರ ಮುಂಭಾಗ ಮಾತ್ರ ಎತ್ತರ. ನೆತ್ತಿಯಲ್ಲಿ ಒಂದು ಶಿಲುಬೆ, ಅದರ ಕೆಳಗೆ ಗಂಟೆ ತೂಗುಹಾಕಿದ ಗೂಡು. ಪಕ್ಕಕ್ಕೆ ಹೋಗಿ ನೋಡಿದರೆ ಉದ್ದನೆಯ ಹೆಂಚಿನ ಮನೆ. ಪೀಠವಿರುವ ಪೂರ್ವದ ತುದಿ ಮಾತ್ರ ಅರ್ಧ ಬಳೆಯ ಹಾಗೆ ದುಂಡಗೆ. ಉತ್ತರಕ್ಕೆ ಒಂದು ಗಿಡ್ಡ ಕಾಂಪೌಂಡು, ಅದರಾಚೆ ಊರಿನ ಕ್ರೈಸ್ತರನ್ನು ಹೂಳುವ ಜಾಗ. ಅದಕ್ಕೆ ಅವರು ಕಲ್ಲರೆ ಎನ್ನುತ್ತಾರೆ.

ಕಟ್ಟಿಸಿದವರು ಪರದೇಶದಿಂದ ಬಂದ ಒಬ್ಬ ಪಾದ್ರಿಗಳು, ಊರಿನವರ ಬಾಯಲ್ಲಿ ಸ್ವಾಮಿಗಳು. ಹರಿಗೋಲಿನಲ್ಲಿ ಕಪಿಲೆ ದಾಟಿ ಬಂದರು, ಬರಗಾಲದಲ್ಲಿ ಗಂಜಿ ಹಾಕಿದರು, ಆಮೇಲೆ ಇಲ್ಲೇ ಉಳಿದುಬಿಟ್ಟರು ಎಂದು ಊರಿನವರು ಹೇಳುತ್ತಾರೆ. ಅದೆಷ್ಟು ನಿಜವೋ ನನಗೆ ತಿಳಿಯದು. ಕಟ್ಟಡ ಹೇಳುವುದನ್ನು ಮಾತ್ರ ನಾನು ಓದಬಲ್ಲೆ. ಇಟ್ಟಿಗೆ ಕೆರೆ ಅಂಗಳದ ಮಣ್ಣಿನದು, ಊರಲ್ಲೇ ಸುಟ್ಟದ್ದು, ಅದಕ್ಕೇ ಒಂದೊಂದೂ ಒಂದೊಂದು ಬಣ್ಣ. ಗಾರೆಯನ್ನು ಎತ್ತು ಕಟ್ಟಿದ ಗಾಣದಲ್ಲಿ ಬೆಲ್ಲದ ನೀರು ಹಾಕಿ ಅರೆದಿದ್ದಾರೆ. ಪೀಠದ ಹಿಂದಿನ ಗೋಡೆ ಈಗಲೂ ಮುಖ ಕಾಣುವಷ್ಟು ನುಣುಪು. ಅದನ್ನು ಉಜ್ಜಲು ಮನೆಮನೆಯವರೂ ಮೊಟ್ಟೆ ಕೊಟ್ಟಿದ್ದರಂತೆ. ಬಿಳಿ ಗೋಡೆಗೆ ಹೋಯಿತು, ಹಳದಿ ಕೂಲಿಯವರ ಹೊಟ್ಟೆಗೆ ಹೋಯಿತು. ಮರಗೆಲಸದವನು ಅದಕ್ಕೆ ಮುಂಚೆ ದೇವಸ್ಥಾನದ ಕೆಲಸ ಮಾಡಿದ್ದವನಿರಬೇಕು, ಕಂಬಗಳ ಬುಡದಲ್ಲಿ ತಾವರೆ ಕೆತ್ತಿದ್ದಾನೆ. ಸ್ವಾಮಿಗಳು ಬೇಡ ಎಂದ ಹಾಗೆ ಕಾಣುವುದಿಲ್ಲ. ಅವರನ್ನು ಪೀಠದ ಮುಂದಿನ ನೆಲದಲ್ಲೇ ಹೂತಿದ್ದಾರೆ. ಮೇಲಿನ ಚಪ್ಪಡಿಯ ಅಕ್ಷರಗಳು ಪೂಜೆಗೆ ಬಂದವರ ಕಾಲಿಗೆ ಸವೆದು, ಬೆರಳಾಡಿಸಿದರೆ ಮಾತ್ರ ಸಿಗುತ್ತವೆ.

ಅಷ್ಟು ಅಚ್ಚುಕಟ್ಟಾಗಿ ಕಟ್ಟಿಸಿದ ಮನುಷ್ಯ ಒಂದು ಕಡೆ ಮಾತ್ರ ಎಡವಿದ್ದಾರೆ ಅನ್ನಿಸಿತು. ದಕ್ಷಿಣದ ಗೋಡೆಯ ಬುಡಕ್ಕೆ ಕಲ್ಲು ಹಾಸಿ, ಸೂರಿನ ನೀರು ಹರಿದುಹೋಗಲು ಚರಂಡಿ ಬಿಡಿಸಿದ್ದಾರೆ. ಉತ್ತರಕ್ಕೆ ಏನೂ ಇಲ್ಲ, ಬರೀ ಮಣ್ಣು. ಆ ಮಣ್ಣೂ ಅಲ್ಲಲ್ಲಿ ಕುಸಿದು ಸಣ್ಣಸಣ್ಣ ತಗ್ಗು. ಮಳೆಗಾಲದಲ್ಲಿ ಹೆಂಚಿನ ತುದಿಯಿಂದ ಬಿದ್ದ ನೀರೆಲ್ಲ ಆ ತಗ್ಗುಗಳಲ್ಲಿ ನಿಂತು ಪಾಯಕ್ಕೆ ಇಳಿಯುತ್ತಿತ್ತು. ಗೋಡೆ ಸೊಂಟದೆತ್ತರದವರೆಗೆ ಪಾಚಿಗಟ್ಟಿತ್ತು.

‘ಈ ಕಡೆಗೆ ಬರೋ ಹೊತ್ತಿಗೆ ನಿಮ್ಮ ಸ್ವಾಮಿಗಳ ಕೈಲಿ ಕಾಸು ಮುಗಿದಿರಬೇಕು,’ ಎಂದೆ. ಫಾದರ್ ನಕ್ಕರು. ಅವರಿನ್ನೂ ಹುಡುಗರು, ಕೊಳ್ಳೇಗಾಲದ ಕಡೆಯವರು, ಈ ಊರಿಗೆ ಬಂದು ವರ್ಷವೂ ಆಗಿರಲಿಲ್ಲ.

ಮದ್ದು ಸುಲಭದ್ದೇ. ಉತ್ತರದ ಗೋಡೆಯ ಬುಡವನ್ನು ಉದ್ದಕ್ಕೂ ಮೊಣಕಾಲು ಆಳ ಅಗೆದು, ಜಲ್ಲಿ ತುಂಬಿ ಕಾಂಕ್ರೀಟ್ ಹಾಕುವುದು. ಎರಡೂ ಸೂರಿಗೆ ತಗಡಿನ ದೋಣಿ ಕಟ್ಟಿ, ಮಳೆನೀರು ನೆಲಕ್ಕೆ ಬೀಳದ ಹಾಗೆ ಪೈಪಿನಲ್ಲಿ ಹೊರಗೆ ಬಿಡುವುದು. ಮಳೆಗೆ ಮುಂಚೆ ಮುಗಿಸಬಹುದು ಎಂದೆ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಅವು. ಶುಕ್ರವಾರದ ಪ್ರಾರ್ಥನೆಗೆಂದು ಬಂದು ಜಗಲಿಯಲ್ಲಿ ಕೂತಿದ್ದ ಹೆಂಗಸರು ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದರು. ಅಲ್ಲಿಯವರೆಗೆ ಅವರೊಳಗೆ ಏನೋ ಮಾತು, ನಗು ನಡೆದಿತ್ತು. ಅಗೆಯುವ ಮಾತು ಬಂದದ್ದೇ ಎಲ್ಲರೂ ಸುಮ್ಮನಾದರು.

ಅವರಲ್ಲಿ ಒಬ್ಬರು ಎದ್ದು ಬಂದರು. ಜ್ಞಾನಮ್ಮ ಎಂದು. ಎಪ್ಪತ್ತು ದಾಟಿದ ಹೆಂಗಸು, ಚರ್ಚಿನ ಎದುರಿಗೇ ಮನೆ, ಬೀಗದ ಕೈ ಅವರ ಸೆರಗಿನ ತುದಿಯಲ್ಲೇ ಇರುತ್ತಿತ್ತು.

‘ಆ ಕಡೆ ಅಗೀಬ್ಯಾಡಿ ಸಾ,’ ಎಂದರು.

‘ಯಾಕಮ್ಮ?’

‘ಬ್ಯಾಡ ಕಣ್ಸಾ. ಸೂರ್ನೀರು ಅಲ್ಲೇ ಬೀಳ್ಲಿ.’

‘ಗೋಡೆ ಬಿದ್ದೋದ್ರೆ ಪೂಜೆ ಎಲ್ಲಿ ಮಾಡೋಣ ಜ್ಞಾನಮ್ಮ, ನಿಮ್ಮ ಕೊಟ್ಟಿಗೆಲಾ?’ ಎಂದು ಫಾದರ್ ತಮಾಷೆ ಮಾಡಿದರು. ಜ್ಞಾನಮ್ಮ ನಗಲಿಲ್ಲ. ಹಳೆಯ ಕಟ್ಟಡ ಮುಟ್ಟಿದರೆ ಹಳಬರಿಗೆ ಸಂಕಟ ಇದ್ದದ್ದೇ ಎಂದುಕೊಂಡು ನಾನು ಟೇಪು ಸುತ್ತಿಕೊಂಡು ಬಂದೆ.

ಮುಂದಿನ ವಾರ ಮತ್ತೆ ಹೋದೆ. ಆಳುಗಳು ಸೋಮವಾರ ಬರುವವರಿದ್ದರು. ಎಲ್ಲಿ ಅಗೆಯಬೇಕೆಂದು ಅದಕ್ಕೆ ಮೊದಲೇ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿಡುವುದು ನನ್ನ ಅಭ್ಯಾಸ. ಫಾದರ್ ಮೈಸೂರಿಗೆ ಮೀಟಿಂಗಿಗೆ ಹೋಗಿದ್ದರು. ಮಧ್ಯಾಹ್ನದ ಬಿಸಿಲು ಕಣ್ಣು ಬಿಡಿಸುತ್ತಿರಲಿಲ್ಲ. ಜ್ಞಾನಮ್ಮ ಜಗಲಿಯಲ್ಲಿ ಕೂರಿಸಿ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟರು. ನಾನು ಕುಡಿದು ಮುಗಿಸುವವರೆಗೆ ಕಾದು, ನೆಲದ ಮೇಲೆ ಕೂತು, ಆ ಕಡೆ ಯಾಕೆ ಅಗೆಯಬಾರದು ಎಂದು ಹೇಳಿದರು.

ಅವರು ಆ ಊರಿಗೆ ಸೊಸೆಯಾಗಿ ಬಂದ ಕಾಲದಲ್ಲಿ ಚರ್ಚಿನಲ್ಲಿ ಸ್ವಾಮಿಗಳು ಇರುತ್ತಿರಲಿಲ್ಲ. ಮೈಸೂರಿನಿಂದ ಯಾವಾಗಲೋ ಒಮ್ಮೆ ಬಂದು ಪೂಜೆ ಮಾಡಿ, ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟು ಹೋಗುತ್ತಿದ್ದರು. ಹುಟ್ಟಿದ ಮಗುವಿನ ತಲೆಗೆ ನೀರು ಹೊಯ್ದು ಅದನ್ನು ಸಭೆಗೆ ಸೇರಿಸಿಕೊಳ್ಳುವ ಕ್ರಮ ಅದು. ಉಳಿದಂತೆ ಜಪ ಹೇಳಿಸಲು, ಮಕ್ಕಳಿಗೆ ಕಲಿಸಲು ಊರಿನಲ್ಲಿ ಒಬ್ಬ ಉಪದೇಶಿ ಇದ್ದ. ಜ್ಞಾನಮ್ಮನ ಚೊಚ್ಚಲ ಹೆರಿಗೆ ಆದಾಗ ಆ ಉಪದೇಶಿಯೂ ಬನ್ನೂರಿಗೆ ಮದುವೆಗೆ ಹೋಗಿದ್ದ. ಮಗುವಿನಲ್ಲಿ ಉಸಿರು ಸಣ್ಣಗಿತ್ತು. ಉಪದೇಶಿ ಬರಲಿ, ಬಂದು ನೀರು ಹೊಯ್ಯಲಿ ಎಂದು ಮನೆಯವರೆಲ್ಲ ಬಾಗಿಲು ನೋಡುತ್ತ ಕೂತರು. ಮಾರನೆಯ ದಿನ ಮಧ್ಯಾಹ್ನಕ್ಕೆ ಮಗು ಹೋಯಿತು. ಜ್ಞಾನಸ್ನಾನ ಆಗದ ಮಗುವಿಗೆ ಕಲ್ಲರೆಯಲ್ಲಿ ಜಾಗವಿಲ್ಲ ಎಂದರು ಹಿರಿಯರು. ಗಂಡಸರು ಹಳ್ಳದ ಕಡೆ ಹೂತು ಬರುತ್ತೇವೆ ಎಂದರು.

‘ನಮ್ಮತ್ತೆ ಕೊಡ್ನಿಲ್ಲ ಸಾ. ಪುಟ್ಟಿಲಿ ಮಡಿಕ್ಕಂಡು, ಮೇಲೆ ಸೊಪ್ಪು ಮುಚ್ಕಂಡು, ಇಲ್ಗೇ ತಂದ್ರು. ಸೂರಿನ ಕೆಳಗೆ ಅಗ್ದು ಮಣ್ಣು ಮಾಡುದ್ರು. ದೇವ್ರ ಮನೆ ಮೇಲೆ ಬಿದ್ದ ನೀರು ಇಳ್ಕಂಡು ಬಂದು ಮಗಿನ ಮೇಲೆ ಬೀಳ್ತದೆ, ಅದೇ ಜ್ಞಾನಸ್ನಾನ ಕಣವ್ವ, ಅಳಬ್ಯಾಡ ಅಂದ್ರು. ಅವರ್ದೂ ಒಂದಿತ್ತಂತೆ ಅಲ್ಲೇ. ನಂದೊಂದೇ ಅಲ್ಲ ಸಾ, ಬಾಳಾ ಅವೆ.’

ಎಲ್ಲಿ ಹೂತರೆಂದು ಗಂಡಸರಿಗೆ ಗೊತ್ತಿಲ್ಲ. ಸ್ವಾಮಿಗಳಿಗೆ, ಆಮೇಲೆ ಬಂದ ಫಾದರ್‌ಗಳಿಗೆ ಯಾರೂ ಹೇಳಿಲ್ಲ. ‘ಕೇಳ್ದೆ ಊತ್ಬುಟ್ಟಿದ್ದೀವಿ. ಕಿತ್ತಾಕಿ ಅಂದ್ರೆ ಎಲ್ಗೆ ತಕ್ಕೊಂಡೋಗನ?’ ಎಂದರು.

ನಾನು ಖಾಲಿ ಚೊಂಬು ಕೆಳಗಿಟ್ಟೆ. ಅವರೇ ಮುಂದುವರಿಸಿದರು. ಎಷ್ಟೋ ವರ್ಷವಾದ ಮೇಲೆ, ಊರಿಗೆ ಬಂದ ಒಬ್ಬ ಸಿಸ್ಟರ್ ಮಕ್ಕಳಿಗೆ ಪಾಠ ಹೇಳುವುದು ಇವರ ಕಿವಿಗೆ ಬಿತ್ತಂತೆ. ಸಾಯುವ ಮಗುವಾದರೆ ಸ್ವಾಮಿಗಳೇ ಬೇಕೆಂದಿಲ್ಲ, ಉಪದೇಶಿಯೂ ಬೇಡ, ಯಾರು ಬೇಕಾದರೂ ಎರಡು ಮಾತು ಹೇಳಿ ನೀರು ಹೊಯ್ಯಬಹುದು ಎಂದು.

‘ನಮ್ಗೆ ಗೊತ್ತಿರ್ನಿಲ್ಲ ಸಾ. ಮನೆ ತುಂಬಾ ಜನ ಇದ್ರು, ಒಬ್ರಿಗೂ ಗೊತ್ತಿರ್ನಿಲ್ಲ. ಒಂದು ಲೋಟ ನೀರು. ನನ್ನ ತಲೆದಿಂಬಿನ ತಾವೇ ಇತ್ತು.’

ಅಂಥ ಮಕ್ಕಳು ದೇವರ ಕೈಯಲ್ಲೇ ಇರುತ್ತವೆ ಎಂದು ಫಾದರ್ ಬಂದ ಹೊಸದರಲ್ಲಿ ಪೂಜೆಯ ಪ್ರಸಂಗದಲ್ಲಿ ಹೇಳಿದ್ದರಂತೆ. ಅದನ್ನೂ ಜ್ಞಾನಮ್ಮನೇ ಹೇಳಿದರು. ‘ಓದ್ಕಂಡೋರು ಏಳ್ತಾರೆ, ಇರ್ಬೋದು. ಆದ್ರೆ ಮಳೆ ಬಿದ್ದ ದಿನ್ವೇ ನಂಗೆ ನಿದ್ದೆ ಬರೋದು.’

ನನಗೆ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಗೋಡೆಯೂ ಕಣ್ಣ ಮುಂದಿತ್ತು. ಇನ್ನೆರಡು ಮಳೆಗಾಲ ಹೀಗೇ ನೆಂದರೆ ಅದು ಒಂದು ಭಾನುವಾರ ಜನರ ಮೇಲೇ ಬೀಳಬಹುದು. ಮಣ್ಣಾಗಿ ಇಷ್ಟು ಕಾಲವಾಗಿದೆ, ಅಲ್ಲಿ ಏನೂ ಉಳಿದಿರುವುದಿಲ್ಲ, ನಾನೇ ನಿಂತು ನಿಧಾನವಾಗಿ ಅಗೆಸುತ್ತೇನೆ, ಏನಾದರೂ ಸಿಕ್ಕರೆ ಮರ್ಯಾದೆಯಾಗಿ ಕಲ್ಲರೆಗೆ ಸೇರಿಸೋಣ ಎಂದೆ. ಸಮಾಧಾನದ ಮಾತೆಂದೇ ಹೇಳಿದೆ. ಜ್ಞಾನಮ್ಮ ಚೊಂಬು ತೆಗೆದುಕೊಂಡು ಎದ್ದರು.

‘ಗೋಡೆ ನೋಡಕ್ ಬಂದೋರು ನೀವು. ಗೋಡೆ ನೋಡಿ,’ ಎಂದು ಹೇಳಿ ಒಳಗೆ ಹೋದರು. ಅಷ್ಟರಲ್ಲಿ ಬೇರೆ ಹೆಂಗಸರೂ ಬಂದಿದ್ದರು. ಒಳಗೆ ಮಣಿ ಎಣಿಸುತ್ತ ಹೇಳುವ ಜಪಸರ ಶುರುವಾಯಿತು.

ಈಗ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಉತ್ತರದ ಕಡೆಗೆ ಹೋಗಿ ದಾರ ಕಟ್ಟಿ, ಅದರ ಗುಂಟ ಮುಂಬಾಗಿಲ ಕಡೆಯಿಂದ ಪೀಠದ ದುಂಡಗೋಡೆಯವರೆಗೆ ಸುಣ್ಣದ ಪುಡಿ ಉದುರಿಸಿದೆ. ಮಣ್ಣು ಕಾದು ಹುಡಿಯಾಗಿತ್ತು, ಪುಡಿ ಬಿದ್ದಲ್ಲಿ ಬೆಳ್ಳಗೆ ಚೊಕ್ಕವಾಗಿ ಕೂತಿತು. ಸುಣ್ಣದ ಬುಟ್ಟಿಯನ್ನು ಕಾಂಪೌಂಡಿನ ಮೇಲಿಟ್ಟು, ಕೈ ಕೊಡವಿಕೊಂಡು ತಿರುಗಿದಾಗ ತೊಟ್ಟಿಕ್ಕುವ ಸದ್ದು ಕೇಳಿಸಿತು. ಆ ಸದ್ದನ್ನು ನಾನು ತಪ್ಪು ತಿಳಿಯುವುದು ಸಾಧ್ಯವಿಲ್ಲ, ಅದರಲ್ಲೇ ಅನ್ನ ಉಂಡವನು. ನೋಡಿದರೆ ಸೂರಿನಿಂದ ನೀರು ಬೀಳುತ್ತಿತ್ತು.

ಸೂರಿನ ಉದ್ದಕ್ಕೂ ಅಲ್ಲ. ಮೊದಲ ಕಿಟಕಿಯ ಹತ್ತಿರ ಒಂದು ಕಡೆ, ಅದರಿಂದ ಎರಡು ಮಾರು ಆಚೆ ಇನ್ನೊಂದು ಕಡೆ, ಆಮೇಲೆ ಒತ್ತೊತ್ತಾಗಿ ಎರಡು ಮೂರು, ಹೀಗೆ ಬಿಡಿಬಿಡಿಯಾಗಿ. ಒಂದೊಂದು ಹೆಂಚಿನ ತುದಿಯಿಂದ ಒಂದೊಂದೇ ಹನಿ, ಅವಸರವಿಲ್ಲದೆ. ಹನಿ ಬಿದ್ದಲ್ಲೆಲ್ಲ ನನ್ನ ಸುಣ್ಣದ ಗೆರೆ ಕರಗಿ ಹಾಲಿನ ಬಣ್ಣಕ್ಕೆ ತಿರುಗುತ್ತಿತ್ತು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಮಳೆ ಬಿದ್ದು ತಿಂಗಳುಗಳಾಗಿದ್ದವು.

ಹೆದರಿದೆನೇ ಎಂದು ಕೇಳುತ್ತೀರಿ. ಇಲ್ಲ. ನನಗೆ ಮೊದಲು ಬಂದದ್ದು ಸಿಟ್ಟು, ಯಾರು ನೀರು ಬಿಟ್ಟವರು ಎಂದು. ಪೇಂಟಿಂಗಿಗೆಂದು ತಂದಿಟ್ಟಿದ್ದ ಬಿದಿರೇಣಿ ಅಲ್ಲೇ ಇತ್ತು. ಸೂರಿಗೆ ಆನಿಸಿ ಹತ್ತಿ, ಹನಿ ಬೀಳುತ್ತಿದ್ದ ಒಂದು ಹೆಂಚಿನ ಮೇಲೆ ಅಂಗೈ ಇಟ್ಟೆ. ಇಟ್ಟ ಹಾಗೇ ಕಿತ್ತುಕೊಂಡೆ, ಕಾದ ಹೆಂಚು ಅದು, ಚುರ್ ಎಂದಿತು. ಅದರ ಮೇಲೆ ತೇವ ಇರಲಿಲ್ಲ. ಅದರ ಮೇಲಿನ ಸಾಲೂ ಒಣಗಿತ್ತು. ಹೆಂಚನ್ನು ಎತ್ತಿ ಕೆಳಗಿನ ಮರದ ರೀಪರು ಪಟ್ಟಿಯನ್ನು ಮುಟ್ಟಿ ನೋಡಿದೆ, ಧೂಳು ಕೈಗೆ ಹತ್ತಿತು. ಹೆಂಚನ್ನು ಕೂರಿಸಿ ಕೆಳಗೆ ಬಗ್ಗಿ ನೋಡಿದರೆ ಅದರ ತುದಿಯಲ್ಲಿ ಹನಿ ಮತ್ತೆ ಕಟ್ಟುತ್ತಿತ್ತು. ಅಂಗೈ ಒಡ್ಡಿದೆ. ತಣ್ಣಗಿತ್ತು. ವಾಸನೆ ಇರಲಿಲ್ಲ, ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪೂ ಇರಲಿಲ್ಲ. ಬೋರ್‌ವೆಲ್ ನೀರಾದರೆ ನಮ್ಮ ಕಡೆ ನಾಲಿಗೆಗೆ ಗೊತ್ತಾಗಿಬಿಡುತ್ತದೆ.

ಇಳಿದು ಚರ್ಚಿನ ಸುತ್ತ ಒಂದು ಸುತ್ತು ಹಾಕಿದೆ. ಚಾವಣಿಯ ಮೇಲೆ ಟ್ಯಾಂಕ್ ಇಲ್ಲ, ಪೈಪಿಲ್ಲ. ಊರಿನ ಟ್ಯಾಂಕ್ ಇರುವುದು ಶಾಲೆಯ ಹಿಂದೆ. ದಕ್ಷಿಣದ ಸೂರು ಒಣಗಿ ಬಿಕೋ ಎನ್ನುತ್ತಿತ್ತು. ಹೊರಗೆ ನರಪಿಳ್ಳೆ ಇರಲಿಲ್ಲ. ಒಳಗೆ ಹೆಂಗಸರು ಜಪ ಹೇಳುತ್ತಲೇ ಇದ್ದರು. ವಾಪಸು ಉತ್ತರಕ್ಕೆ ಬಂದರೆ ಹನಿ ಬೀಳುತ್ತಲೇ ಇತ್ತು.

ಆಗ ನಾನು ಮಾಡಿದ್ದು ಅಭ್ಯಾಸಬಲದಿಂದ. ಸೋರಿಕೆ ಕಂಡರೆ ಮೊದಲು ಅದು ಬಿದ್ದ ಜಾಗ ಗುರುತು ಮಾಡಬೇಕು, ಕಾರಣ ಆಮೇಲೆ. ಗೋಡೆಯ ಬುಡದಲ್ಲಿ ಬಿದ್ದಿದ್ದ ಒಡಕು ಹೆಂಚುಗಳ ಚೂರು ಆರಿಸಿ, ಹನಿ ಬೀಳುತ್ತಿದ್ದ ಒಂದೊಂದು ಜಾಗದಲ್ಲೂ ಒಂದೊಂದು ಚೂರನ್ನು ನೆಲಕ್ಕೆ ಸಮನಾಗಿ ಮಣ್ಣಿಗೆ ಒತ್ತಿ ಕೂರಿಸಿದೆ. ಕೊನೆಯದು ದುಂಡಗೋಡೆಯ ತಿರುವಿನಲ್ಲಿ, ಮಿಕ್ಕವುಗಳಿಂದ ದೂರ, ಒಂಟಿಯಾಗಿ. ಅದನ್ನು ಒತ್ತಿ ಎದ್ದು ನಿಲ್ಲುವ ಹೊತ್ತಿಗೆ ಒಳಗೆ ಜಪಸರ ಮುಗಿಯಿತು. ಸೂರಿನ ಹನಿಯೂ ನಿಂತಿತ್ತು. ಎರಡೂ ಒಟ್ಟಿಗೇ ನಿಂತವೋ, ನಾನು ಹಾಗೆ ಜೋಡಿಸಿಕೊಂಡೆನೋ, ಈಗ ಆಣೆ ಇಟ್ಟು ಹೇಳಲಾರೆ.

ಹೊರಗೆ ಬಂದ ಹೆಂಗಸರಿಗೆ ನಾನು ಏನೂ ಹೇಳಲಿಲ್ಲ. ಹೇಳಿದರೆ ಸಂಜೆಯೊಳಗೆ ಅದು ಪವಾಡವಾಗಿ, ಭಾನುವಾರದೊಳಗೆ ನರಸೀಪುರದಿಂದ ಬಸ್ಸು ಬರುತ್ತಿತ್ತು. ಕಾರಣ ಸಿಗುವವರೆಗೆ ಬಾಯಿ ಬಿಡಬಾರದು ಎಂದುಕೊಂಡು ಮನೆಗೆ ಬಂದೆ. ಅಂದಿನಿಂದ ಹುಡುಕುತ್ತಲೇ ಇದ್ದೇನೆ. ಇಬ್ಬನಿ ಎನ್ನೋಣವೆಂದರೆ ಉರಿ ಬಿಸಿಲು. ಹೆಂಚಿನೊಳಗೆ ನೀರು ಸಿಕ್ಕಿಕೊಂಡಿತ್ತು ಎನ್ನೋಣವೆಂದರೆ ತಿಂಗಳುಗಟ್ಟಲೆ ಉಳಿಯುವ ನೀರು ಯಾವುದು? ಅಳಿಲು, ಕೋತಿ, ಆಚೆಯಿಂದ ನೀರೆರಚಿದ ಪೋಲಿ ಹುಡುಗರು, ಎಲ್ಲವನ್ನೂ ಯೋಚಿಸಿದೆ. ನನಗೇ ಬಿಸಿಲು ಹತ್ತಿತ್ತು ಎನ್ನೋಣವೆಂದರೆ ಮಾರನೆಯ ದಿನ ಹೋಗಿ ನೋಡಿದಾಗ ಸುಣ್ಣದ ಗೆರೆಯಲ್ಲಿ ಹನಿ ಬಿದ್ದ ಗುಳಿಗಳು ಒಣಗಿ ಗಟ್ಟಿಯಾಗಿ ಕೂತಿದ್ದವು. ಫಾದರ್ ಅದನ್ನು ನೋಡಿ, ‘ಯಾರೋ ನೀರು ಚೆಲ್ಲಿದ್ದಾರೆ ಸರ್, ಇನ್ನೊಂದು ಸಲ ಗೆರೆ ಎಳೀಬೇಕಾ?’ ಎಂದರು.

‘ಬೇಡ. ಈ ಕಡೆ ಅಗೆಯೋದಿಲ್ಲ,’ ಎಂದೆ.

ಫಾದರ್‌ಗೆ ಆಶ್ಚರ್ಯವಾಯಿತು. ನಾನು ಕೊಟ್ಟ ಕಾರಣ ಇಂಜಿನಿಯರಿಂಗ್ ಪ್ರಕಾರ ಸರಿಯಾದದ್ದೇ. ಹಿಂದೆ ಯಾರೋ ಬುದ್ಧಿವಂತರು ಹಳೆಯ ಗಾರೆಯ ಮೇಲೆ ಸಿಮೆಂಟ್ ಬಳಿದಿದ್ದರು. ಸಿಮೆಂಟ್ ನೀರನ್ನು ಗೋಡೆಯೊಳಗೇ ಕೂಡಿಹಾಕುತ್ತದೆ. ಅದನ್ನು ಕಿತ್ತು ಮತ್ತೆ ಸುಣ್ಣದ ಗಾರೆ ಮಾಡಿದರೆ ಗೋಡೆ ಉಸಿರಾಡುತ್ತದೆ. ಚರಂಡಿಯನ್ನು ಗೋಡೆಯ ಬುಡದ ಬದಲು ಕಾಂಪೌಂಡಿನ ಬದಿಗೆ ತೆಗೆದರೆ, ಬಿದ್ದ ನೀರು ನಿಲ್ಲದೆ ಮೆಲ್ಲಗೆ ಅತ್ತ ಇಳಿದುಹೋಗುತ್ತದೆ. ಇದೆಲ್ಲ ನಿಜ. ಆದರೆ ಮೊದಲ ದಿನವೇ ನನಗೆ ಇದು ಯಾಕೆ ಹೊಳೆಯಲಿಲ್ಲ ಎಂದು ಅವರು ಕೇಳಿದ್ದರೆ ನನ್ನಲ್ಲಿ ಉತ್ತರ ಇರಲಿಲ್ಲ. ಕೇಳಲಿಲ್ಲ. ಕಂಟ್ರಾಕ್ಟರ್ ಮಾತ್ರ ಬಿಡಲಿಲ್ಲ. ದಕ್ಷಿಣದ ಸೂರಿಗೆ ದೋಣಿ ಕಟ್ಟಿ ಮುಗಿಸಿ ಬಂದವನು, ‘ಏನ್ಸಾ, ಒಂದ್ ಕಡೆ ಆಕ್ಸಿ ಇನ್ನೊಂದ್ ಕಡೆ ಮರ್ತೇಬುಟ್ರಾ?’ ಎಂದ.

‘ವಯಸ್ಸಾಯ್ತು ಕಣಯ್ಯ,’ ಎಂದೆ. ಈಗಲೂ ಹೊಸಬರು ಯಾರಾದರೂ ಆ ಚರ್ಚ್ ನೋಡಿದರೆ ಒಂದು ಸೂರಿಗೆ ಮಾತ್ರ ದೋಣಿ ಇರುವುದು ಕಂಡು ನಗುತ್ತಾರಂತೆ. ಕಟ್ಟಿಸಿದ ಪರದೇಶದ ಸ್ವಾಮಿಗಳ ಬಗ್ಗೆ ನಾನೂ ನಕ್ಕಿದ್ದೆ. ಅವರ ಕೈಲಿ ಕಾಸು ಮುಗಿದಿತ್ತೋ, ಅವರಿಗೂ ಯಾರಾದರೂ ಏನಾದರೂ ಹೇಳಿದ್ದರೋ, ಕೇಳೋಣವೆಂದರೆ ಚಪ್ಪಡಿಯ ಕೆಳಗಿದ್ದಾರೆ.

ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಇನ್ನೊಂದಿದೆ.

ಈಸ್ಟರ್ ಕಳೆದು ಭರಣಿ ಮಳೆ ಹುಟ್ಟಿತು. ಮಾಡಿಸಿದ ಕೆಲಸ ಸರಿಯಿದೆಯೋ ಇಲ್ಲವೋ ಮಳೆಯಲ್ಲೇ ನಿಂತು ನೋಡಬೇಕು, ಬಿಸಿಲಲ್ಲಿ ಎಲ್ಲ ಕೆಲಸವೂ ಚೆನ್ನಾಗಿಯೇ ಕಾಣುತ್ತದೆ. ಒಂದು ಮಧ್ಯಾಹ್ನ ನರಸೀಪುರದ ಕಡೆ ಮೋಡ ಕಟ್ಟಿದ್ದು ಕಂಡು ಹೊರಟೆ. ಚರ್ಚಿನ ಹತ್ತಿರ ಬರುವಷ್ಟರಲ್ಲಿ ದಪ್ಪ ಹನಿ ಶುರುವಾಗಿ, ಸ್ಕೂಟರ್ ನಿಲ್ಲಿಸುವಾಗ ಮಳೆ ಜೋರಾಯಿತು. ಕೊಡೆ ಬಿಡಿಸಿಕೊಂಡು ಉತ್ತರದ ಕಡೆಗೆ ಹೋದೆ.

ಅಲ್ಲಿ ಹೆಂಗಸರು ನಿಂತಿದ್ದರು. ಮುದುಕಿಯರು, ನಡುವಯಸ್ಸಿನವರು, ಒಬ್ಬಿಬ್ಬರು ಚಿಕ್ಕವರೂ. ಗುಂಪಾಗಿ ಅಲ್ಲ, ಸೂರಿನ ಗುಂಟ ಬಿಡಿಬಿಡಿಯಾಗಿ, ತಲೆಯ ಮೇಲೆ ಸೆರಗು ಹೊದ್ದು. ವರ್ಷದ ಮೊದಲ ಮಳೆ ಬಂದಾಗ ಹೀಗೆ ಬಂದು ನಿಲ್ಲುವುದು ಅವರ ಪದ್ಧತಿಯಂತೆ. ತನ್ನದೋ, ತಾಯಿಯದೋ, ಅತ್ತೆಯದೋ, ಯಾವ ಮಗು ಎಲ್ಲಿದೆಯೋ ಅದರ ಎದುರಿಗೆ. ಹೆಂಚಿನ ತುದಿಯಿಂದ ಬೀಳುವ ನೀರನ್ನು ಅಂಗೈಯಲ್ಲಿ ಹಿಡಿದು, ಬೆರಳ ಸಂದಿಯಿಂದ ಮೆಲ್ಲಗೆ ನೆಲಕ್ಕೆ ಬಿಡುತ್ತಿದ್ದರು.

ಚರಂಡಿ ನೋಡಲು ಹೋದವನು ನೆಲ ನೋಡಿದೆ. ಇಷ್ಟು ದಿನದ ಧೂಳು ಮುಚ್ಚಿದ್ದ ಹೆಂಚಿನ ಚೂರುಗಳು ಮಳೆಗೆ ತೊಳೆದು ಕೆಂಪಗೆ ಮೇಲೆ ಕಾಣುತ್ತಿದ್ದವು. ಒಬ್ಬೊಬ್ಬ ಹೆಂಗಸಿನ ಪಾದದ ಮುಂದೆ ಒಂದೊಂದು ಚೂರು ಇತ್ತು. ಹನಿ ಬಿದ್ದ ಜಾಗವೆಂದು ನಾನು ಅವತ್ತು ಒತ್ತಿ ಕೂರಿಸಿದ್ದವು ಅವು. ಅವರು ಆ ಚೂರುಗಳನ್ನು ನೋಡಿಯೇ ಅಲ್ಲಿ ನಿಂತಿರಬಹುದು, ನಾನು ಒತ್ತುವಾಗ ಯಾರೋ ಕಿಟಕಿಯಿಂದ ಕಂಡಿರಬಹುದು ಎಂದು ಆಮೇಲೆ ಕೆಲವು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆದರೆ ದುಂಡಗೋಡೆಯ ತಿರುವಿನ ಆ ಒಂಟಿ ಚೂರಿನ ಮುಂದೆ ಯಾರೂ ಇರಲಿಲ್ಲ. ನಾನು ಅದನ್ನೇ ನೋಡುತ್ತ ನಿಂತಿದ್ದೆ. ಮೂರನೆಯ ಕಿಟಕಿಯ ಕೆಳಗೆ ನಿಂತಿದ್ದ ಜ್ಞಾನಮ್ಮ ನನ್ನನ್ನು ಗಮನಿಸಿ, ನಾನು ನೋಡುತ್ತಿದ್ದ ಕಡೆಗೆ ತಿರುಗಿ ನೋಡಿದರು.

‘ಅಲ್ಲೂ ಒಂದದೆ ಅಂತ ನಮ್ಮತ್ತೆ ಏಳೋರು ಸಾ,’ ಎಂದರು. ‘ಅದರ ಮನೆ ಪೈಕಿ ಯಾರೂ ಉಳ್ದಿಲ್ಲ, ಅಲ್ಯಾರೂ ನಿಂತ್ಕಳಕಿಲ್ಲ. ನಾ ಯಾರ್ಗೂ ಏಳಿಲ್ವಲ್ಲ, ನಿಮ್ಗೆಂಗೆ ಗೊತ್ತಾಯ್ತು?’

ಕೊಡೆ ಮಡಿಸಿ ಗೋಡೆಗೆ ಒರಗಿಸಿ, ಚಪ್ಪಲಿ ಬಿಟ್ಟು, ಆ ತಿರುವಿನವರೆಗೆ ಹೋಗಿ ಚೂರಿನ ಮುಂದೆ ನಿಂತೆ. ಮಿಕ್ಕವರು ಮಾಡಿದ ಹಾಗೆ ಸೂರಿನ ನೀರಿಗೆ ಅಂಗೈ ಒಡ್ಡಿ, ತುಂಬಿದ ಮೇಲೆ ಕೆಳಗೆ ಬಿಟ್ಟೆ. ಅವತ್ತು ಬಿಸಿಲಿನಲ್ಲಿ ಕೈಗೆ ಬಿದ್ದದ್ದೂ ಇಷ್ಟೇ ತಣ್ಣಗಿತ್ತು.

ಜ್ಞಾನಮ್ಮ ಈಗಿಲ್ಲ. ಅವರ ಜಾಗದಲ್ಲಿ ಸೊಸೆ ನಿಲ್ಲುತ್ತಾಳೆ, ತಿರುವಿನ ಒಂಟಿ ಚೂರಿನ ಮುಂದೆ ನಾನು. ಆ ಮಧ್ಯಾಹ್ನದ ನೀರಿನ ವಿಷಯ ನಾನು ಜ್ಞಾನಮ್ಮನಿಗೆ ಹೇಳಲಿಲ್ಲ. ಹೇಳಬೇಕಿತ್ತೋ ಏನೋ. ಆ ನೀರು ಎಲ್ಲಿಂದ ಬಂತೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಅದಕ್ಕೊಂದು ದಾರಿ ಇದ್ದೇ ಇರಬೇಕು ಎಂದು ಈಗಲೂ ವಾದ ಮಾಡುತ್ತೇನೆ. ಹೆಂಡತಿ ಕೇಳಿಸಿಕೊಂಡು ಸುಮ್ಮನಿರುತ್ತಾಳೆ. ವರ್ಷದ ಮೊದಲ ಮೋಡ ಕಟ್ಟಿದ ದಿನ ಮಾತ್ರ, ನಾನು ಕೇಳುವ ಮುಂಚೆಯೇ ಸ್ಕೂಟರಿನ ಕೀ ತಂದು ಕೈಗೆ ಕೊಟ್ಟು, ‘ಹೋಗಿ ಬನ್ನಿ, ನಿಮ್ಮ ಮಗು ಕಾಯ್ತಿರುತ್ತೆ,’ ಎನ್ನುತ್ತಾಳೆ.